ಜಿಂಕೆ ಬೇಟೆಯ ಟ್ಯಾಗ್ (ಟೆಕ್ಸಾಸ್)

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕಾನೂನುಬದ್ಧವಾಗಿ ಬೇಟೆಯಾಡಿದ ಜಿಂಕೆಯ ಕಳೇಬರಕ್ಕೆ ಕಟ್ಟಬೇಕಾದ, ಬೇಟೆ ಪರವಾನಗಿಯ ಭಾಗವಾದ ಚೀಟಿ. ಇದನ್ನು ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆ ನೀಡುತ್ತದೆ. ಬಿಳಿಬಾಲದ ಜಿಂಕೆಗೂ ಮ್ಯೂಲ್ ಜಿಂಕೆಗೂ ಟ್ಯಾಗ್ ಬೇರೆ ಬೇರೆ. ಎಷ್ಟು ಜಿಂಕೆ ಬೇಟೆಯಾಡಬಹುದೆಂಬ ಮಿತಿ ಕೌಂಟಿಯಿಂದ (ಜಿಲ್ಲೆಯಂಥ ಆಡಳಿತ ಘಟಕ) ಕೌಂಟಿಗೆ ಬದಲಾಗುತ್ತದೆ.

ಜಿಂಕೆ ಸತ್ತ ಕೂಡಲೇ ಟ್ಯಾಗಿನಲ್ಲಿ ಅಚ್ಚಾಗಿರುವ ತಿಂಗಳು ಮತ್ತು ದಿನಾಂಕಗಳಲ್ಲಿ ಬೇಟೆಯ ದಿನದ್ದನ್ನು ಕತ್ತರಿಸಿ ತೆಗೆದು, ಬೇಟೆ ನಡೆದ ಜಮೀನಿನ ಹೆಸರನ್ನೂ ಕೌಂಟಿಯನ್ನೂ ಶಾಯಿಯಲ್ಲಿ ಬರೆದು, ಕಳೇಬರಕ್ಕೆ ಕಟ್ಟಬೇಕು. ಕತ್ತರಿಸಿದ ಟ್ಯಾಗನ್ನು ಇನ್ನೊಂದು ಜಿಂಕೆಗೆ ಬಳಸಲಾಗದು. ನಿಯಮದ ತಿರುಳು ಇದೇ. ಬಿಳಿಬಾಲದ ಜಿಂಕೆಯಾದರೆ ಪರವಾನಗಿಯ ಹಿಂಬದಿಯ ಬೇಟೆ ದಾಖಲೆಯನ್ನೂ ತುಂಬಬೇಕು. ಕಳೇಬರವು ಬೇಟೆಗಾರನ ಮನೆ, ಶೀತಲಗೃಹ ಮುಂತಾದ ಅಂತಿಮ ಸ್ಥಳ ತಲುಪಿ ಅಲ್ಲಿ ತುಂಡಾಗುವವರೆಗೆ ಟ್ಯಾಗ್ ಕಳಚುವಂತಿಲ್ಲ. ಲಿಂಗದ ಪುರಾವೆಯಾಗಿ ಸಾಮಾನ್ಯವಾಗಿ ತಲೆಯನ್ನು, ಗಂಡಾದರೆ ಕೊಂಬು ಸಮೇತ, ಜೊತೆಗಿಡಬೇಕು. ಮಾಂಸವನ್ನು ಬೇರೆಯವರಿಗೆ ಕೊಟ್ಟರೆ ಬೇಟೆಗಾರ ಸಹಿ ಮಾಡಿದ ವನ್ಯಜೀವಿ ಸಂಪನ್ಮೂಲ ಪತ್ರ ಅದರೊಂದಿಗೆ ಹೋಗಬೇಕು.

2022ರಿಂದ ಕೆಲವು ಪರವಾನಗಿಗಳಿಗೆ ಡಿಜಿಟಲ್ ಟ್ಯಾಗ್ ಬಂದಿದೆ. ಅದನ್ನು ಆಯ್ದುಕೊಂಡವರು ಕಾಗದದ ಚೀಟಿಯ ಬದಲು ಇಲಾಖೆಯ ಮೊಬೈಲ್ ಆ್ಯಪ್‌ನಲ್ಲಿ ಬೇಟೆಯನ್ನು ಕೂಡಲೇ ವರದಿ ಮಾಡಬೇಕು. ಗೊತ್ತುಪಡಿಸಿದ ಕೆಲವು ಕೌಂಟಿಗಳಲ್ಲಿ ಕೊಂಬಿಲ್ಲದ ಜಿಂಕೆಯ ಬೇಟೆಯನ್ನು 24 ಗಂಟೆಯೊಳಗೆ ಇಲಾಖೆಗೆ ತಿಳಿಸುವುದು ಕಡ್ಡಾಯ.