ಕುಲಾವಿಯ ಅಂಚು

ದೇವಿಕೊಪ್ಪದ ಕಡೆಯವರಿಗೆ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಪರಿಚಯಿಸಬೇಕಾಗಿಲ್ಲ. ಕೃಷ್ಣನ, ರಾಮನ ಚಿತ್ರ ಬರೆದ ಆ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಆದರೆ ಓದುಗರೇ, ಅದರಲ್ಲಿ ಮಲಗಿದ ಕೂಸಿನ ಕುಲಾವಿಯನ್ನು ನೀವು ತಿರುವಿ ನೋಡಿದ್ದೀರಾ? ಹಸಿರು ಖಣಕ್ಕೆ ಸುತ್ತಲೂ ಕೆಂಪು ಪಟ್ಟಿ. ಬರೇ ಅಂದಕ್ಕೆಂದು ತಿಳಿಯಬೇಡಿ.

ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣ ಎಂಬುದು ನಮ್ಮಲ್ಲಿ ಮೊದಲು ನೇಕಾರನ ಕೆಲಸವಾಗಿತ್ತು. ಇಳಕಲ್ಲ ಸೀರೆಯ ದಡಿ ಮಗ್ಗದಲ್ಲೇ ಮೂಡುತ್ತದೆ. ಗುಳೇದಗುಡ್ಡದ ಖಣಕ್ಕೂ ಹಾಗೆಯೇ. ಹಳೆಯ ಕಟ್ಟುಕುಪ್ಪಸದಲ್ಲಿ ಆ ದಡಿಯೇ ತೋಳಿನ ತುದಿಗೆ ಬರುವಂತೆ ಹೊಲಿಯುತ್ತಿದ್ದರು. ಬೇರೆ ಪಟ್ಟಿಯ ಅಗತ್ಯವೇ ಇರಲಿಲ್ಲ.

ಕತ್ತರಿ ದುಂಡಗೆ ತಿರುಗಿದಾಗ ತೊಡಕಾಯಿತು. ದಡಿ ನೆಟ್ಟಗಿರುತ್ತದೆ, ಕೊರಳು ದುಂಡಗಿರುತ್ತದೆ. ಹಾಸಿನ ಎಳೆಯಾಗಲಿ ಹೊಕ್ಕಿನ ಎಳೆಯಾಗಲಿ ಹಿಗ್ಗುವುದಿಲ್ಲ, ಬಾಗಿಸಿದರೆ ಸುಕ್ಕು. ಅದೇ ಅರಿವೆಯನ್ನು ಮೂಲೆಯಿಂದ ಮೂಲೆಗೆ, 45 ಡಿಗ್ರಿ ಓರೆಯಲ್ಲಿ ಕತ್ತರಿಸಿ ಎಳೆಯಿರಿ, ಹಿಗ್ಗುತ್ತದೆ. ದರ್ಜಿಗಳು ಇದನ್ನು ಕ್ರಾಸ್ ಪಟ್ಟಿ ಎನ್ನುತ್ತಾರೆ. ಪ್ಯಾರಿಸಿನ ಮಾದಲೇನ್ ವಿಯೋನೆ 1920ರ ದಶಕದಲ್ಲಿ ಇಡೀ ಉಡುಪನ್ನೇ ಓರೆಗೆ ಕತ್ತರಿಸಿ ಹೆಸರಾದರು. ಓರೆ ಕತ್ತರಿ ಅರಿವೆಯನ್ನು ಬಹಳ ತಿನ್ನುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ದೊರೆತದ್ದು ಒಂದೂಕಾಲು ಅಂಗುಲ, ಅದೂ ಉಳಿದ ತುಂಡಿನಿಂದ!

ಹೊಲಿಗೆ ಯಂತ್ರ ಈ ಕೆಲಸವನ್ನು ಬೇಗವಾಗಿಸಿತು. ಸಿಂಗರ್ 1851ರಲ್ಲಿ ಪೇಟೆಂಟು ಪಡೆದ. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿ 1924ರಲ್ಲಿ ಇದೊಂದಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ದಣಿವು ನೋಡಲಾರದೆ ಸಿಂಗರ್ ಇದನ್ನು ಮಾಡಿದನೆಂದು ಅವರು ನಂಬಿದ್ದರು. ನಿಜವಾದ ಸಿಂಗರ್ ಅಂಥ ಒಳ್ಳೆಯ ಗಂಡನೇನಲ್ಲ, ಆ ಮಾತು ಬಿಡಿ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ 'ಉಷಾ' ತಯಾರಾಗತೊಡಗಿತು. ಹೀಗೆ ನೇಕಾರನ ಕೈಲಿದ್ದ ಅಂಚು ಮನೆಯ ಹೆಣ್ಣುಮಗಳ ಕೈಗೂ ಬಂತು.

ಈಗ ಕುಲಾವಿಯ ಒಳಮೈಗೆ ಬನ್ನಿ. ಖಣದ ಬುಟ್ಟಾಗಳನ್ನು ಹೆಚ್ಚಿನ ಹಾಸಿನ ಎಳೆಗಳಿಂದ ಎತ್ತಿರುತ್ತಾರೆ. ಹಿಂಬದಿಯಲ್ಲಿ ಅವು ಸಡಿಲವಾಗಿ ಹಾದಿರುತ್ತವೆ. ಕತ್ತರಿಸಿದ ಕಡೆ ಅವು ಬಿಚ್ಚಿಕೊಂಡು ಕೂಸಿನ ಕಿವಿಗೆ, ಕೊರಳಿಗೆ ಉಜ್ಜುತ್ತವೆ. ಪಟ್ಟಿ ಆ ಎಳೆಗಳನ್ನು ಒಳಗೇ ಮುಚ್ಚಿಡುತ್ತದೆ. ಅಂಗಡಿಯ ಪಾಲಿಯೆಸ್ಟರ್ ಪಟ್ಟಿಗಿಂತ ತಾಯಿಯ ಹಳೆಯ ನೂಲಿನ ಸೀರೆಯ ತುಂಡೇ ಮೆತ್ತಗೆ ಎಂಬುದು ನನ್ನ ಅಭಿಪ್ರಾಯ.

ನೀವೇ ಹೊಲಿಯುವುದಾದರೆ, ಒಳಬಾಗಿದ ಕೊರಳಿಗೆ ಪಟ್ಟಿಯನ್ನು ತುಸು ಎಳೆದು ಹಿಡಿಯಿರಿ. ಹೊರಬಾಗಿದ ಕಡೆ ಸಡಿಲ ಬಿಡಿ. ಪಟ್ಟಿಯ ತುಂಡುಗಳನ್ನು ಜೋಡಿಸುವಾಗಲೂ ಓರೆಯಾಗಿಯೇ ಜೋಡಿಸಿ, ಇಲ್ಲವಾದರೆ ಅಲ್ಲೊಂದು ಗಂಟು ನಿಲ್ಲುತ್ತದೆ. ಹೊಸ ಕೆಂಪು ಅರಿವೆಯಾದರೆ ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದು ನಿಂತ ಮೇಲೆ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಹಸಿರು ಖಣದ ಮೇಲೆ ಕೆಂಪು ಕಲೆ ಬೀಳುತ್ತದೆ.