ಬಚ್ಚಲೊಲೆಗೆ ಹೋದ ಅರಳಸುರಳಿಯ ಲೆಕ್ಕ

ನಮ್ಮೂರು ಅರಳಸುರಳಿ. ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲೂಕು. ಜನಸಂಖ್ಯೆ, ಸಾಗುವಳಿ ಎಲ್ಲ ಪಂಚಾಯ್ತಿ ಪುಸ್ತಕದಲ್ಲಿದೆ, ಬೇಕಾದವರು ಅಲ್ಲೇ ನೋಡಿಕೊಳ್ಳಬಹುದು. ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಗದ್ದೆ, ಕಾಡು. ಎಲೆಚುಕ್ಕಿ ರೋಗದ ಸುದ್ದಿ ಎತ್ತಿದರೆ ಚರಿತ್ರೆ ಅಲ್ಲಿಗೇ ನಿಂತು ಗೋಳು ಶುರುವಾಗುತ್ತದೆ. ಅದನ್ನು ಬಿಡುತ್ತೇನೆ.

ಊರಿನ ಬಗ್ಗೆ ಬರೆಯಬೇಕೆಂದು ಹೊರಟಾಗ ಮೊದಲು ಹತ್ತಿದ್ದು ನಮ್ಮನೆ ಅಟ್ಟ. ಅಜ್ಜನ ಕಾಲದ ಲೆಕ್ಕದ ಪುಸ್ತಕಗಳು ಒಂದು ಪೆಟ್ಟಿಗೆ ತುಂಬ ಇದ್ದವೆಂದು ಕೇಳಿದ್ದೆ. ಪೆಟ್ಟಿಗೆ ಇತ್ತು. ಒಳಗೆ ಒರಲೆ ಮಣ್ಣು, ಅದರಡಿ ಅರ್ಧ ಹಾಳೆ. ಮೇಲೆ ‘ಶ್ರೀ’, ಕೆಳಗೆ ‘ಮೆಣಸು ಹೇರು 2’, ಮುಂದಿನದು ಒರಲೆಯ ಪಾಲು. ಉಳಿದ ಪುಸ್ತಕ ಏನಾದವೆಂದು ಅಮ್ಮನನ್ನು ಕೇಳಿದೆ. ‘ಮಳೆಗಾಲದಲ್ಲಿ ಸೌದೆ ಹಸಿ ಇರ್ತಿತ್ತಲ್ಲ, ನಿಮ್ಮಜ್ಜಿ ಬಚ್ಚಲೊಲೆ ಹೊತ್ತಿಸಕ್ಕೆ ದಿನಾ ನಾಲ್ಕು ಹಾಳೆ ಹರೀತಿದ್ರು’ ಅಂದರು. ನಮ್ಮೂರಿನ ಎಷ್ಟೋ ವರ್ಷಗಳ ವ್ಯಾಪಾರ ಹಂಡೆ ನೀರು ಕಾಯಿಸಿ ಮುಗಿದಿತ್ತು. ಆ ನೀರಲ್ಲಿ ಮಿಂದವರಲ್ಲಿ ನಾನೂ ಒಬ್ಬ.

ಇದಾದ ಮೇಲೆ ಕೊಚ್ಚಿಗೆ ಹೋಗುವ ಸಂದರ್ಭ ಬಂತು. ಮಟ್ಟಾಂಚೇರಿಯ ಯಹೂದಿ ಪೇಟೆಯ ತುದಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ನಮ್ಮ ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ ಚಿತ್ತಾರದ ಹಂಚು, ಮೇಲೆ ಗಾಜಿನ ತೂಗುದೀಪಗಳು, ನಡುವೆ ಹಿತ್ತಾಳೆ ಕಟಕಟೆಯ ಎತ್ತರದ ಪೀಠ. ವಿಗ್ರಹವಿಲ್ಲ. ಅಲ್ಲಿನ ಯಹೂದಿಗಳ ಪೂರ್ವಿಕರಿಗೆ ಸಾವಿರ ವರ್ಷದ ಹಿಂದೆ ಅರಸ ಭಾಸ್ಕರ ರವಿವರ್ಮ ಕೊಟ್ಟ ತಾಮ್ರಶಾಸನವನ್ನು ಅವರು ಇವತ್ತಿಗೂ ಕಾಪಾಡಿಕೊಂಡು ಬಂದಿದ್ದಾರೆ. 1948ರಲ್ಲಿ ಇಸ್ರೇಲ್ ಆದ ಮೇಲೆ ಹೆಚ್ಚಿನ ಮನೆಯವರು ಅಲ್ಲಿಗೆ ಹೊರಟುಹೋದರು. ಜನ ಹೋದರು, ದಾಖಲೆ ಉಳಿಯಿತು. ನಮ್ಮಲ್ಲಿ ಜನ ಇದ್ದೇವೆ.

‘ಗೆನಿಜಾ’ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅಲ್ಲೇ. ದೇವರ ಹೆಸರಿರುವ ಹಾಳೆಯನ್ನು ಯಹೂದಿಗಳು ಸುಡುವುದಿಲ್ಲ, ಎಸೆಯುವುದಿಲ್ಲ. ಸಿನಗಾಗಿನ ಒಂದು ಕೋಣೆಗೆ ಹಾಕುತ್ತಾರೆ. ಕಾಗದದ ಮೊದಲಲ್ಲಿ ದೇವರ ಹೆಸರು ಬರೆಯುವುದು ರೂಢಿಯಾದ್ದರಿಂದ ವ್ಯಾಪಾರದ ಪತ್ರ, ಸಾಲದ ಚೀಟಿಗಳೂ ಆ ಕೋಣೆ ಸೇರುತ್ತಿದ್ದವು. ನಮ್ಮಜ್ಜನೂ ಮೇಲೆ ‘ಶ್ರೀ’ ಬರೆದೇ ಲೆಕ್ಕ ಶುರು ಮಾಡಿದ್ದರು. ಅಜ್ಜಿಯ ಬೆಂಕಿಕಡ್ಡಿಗೆ ಅದು ಅಡ್ಡ ಬರಲಿಲ್ಲ.

ಹಳೇ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಿಂದ 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಕೇಂಬ್ರಿಜ್‌ಗೆ ಸಾಗಿಸಿದ್ದು ಸುಮಾರು 1,93,000 ಹಾಳೆ, ಚೂರುಗಳು. ಅಲ್ಲಿಯೂ ಬೇರೆ ಸಂಗ್ರಹಗಳಲ್ಲಿಯೂ ಹಂಚಿಹೋದ ಆ ಗೆನಿಜಾ ರಾಶಿಯಲ್ಲಿ ನಮ್ಮ ಕಡೆಗೆ ಬಂದಿದ್ದ ಒಬ್ಬ ಯಹೂದಿ ವ್ಯಾಪಾರಿ ಸಿಕ್ಕಿದ. ಹೆಸರು ಅಬ್ರಹಾಂ ಬೆನ್ ಯಿಜು, ಇಂದಿನ ಟುನೀಷಿಯಾದ ಮಹದಿಯಾದವನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದಿದ್ದಾನೆ. 1149ರ ಹೊತ್ತಿಗೆ ಏಡನ್‌ಗೆ ಮರಳಿದ. ಈ ನಡುವೆ ಅವನು ಏಡನ್‌ಗೆ ಕಳಿಸಿದ್ದು ಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ. ಅಲ್ಲಿಂದ ಬರುತ್ತಿದ್ದುದು ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಮಂಗಳೂರಲ್ಲಿ ಕಾಗದಕ್ಕೆ ಬರವಿದ್ದುದರಿಂದ ಬಂದ ಪತ್ರದ ಬೆನ್ನಿಗೇ ಮನೆಯ ಲೆಕ್ಕ ಗೀಚುತ್ತಿದ್ದ. ಹಾಗಾಗಿ ಎರಡೂ ಉಳಿದವು.

ಅದರಲ್ಲೊಂದು ತಕರಾರು ಓದಿದಾಗ ನಗು ಬಂತು. ‘ಕಾರ್ದಾರ’ ಎಂದು ಕರೆಸಿಕೊಳ್ಳುವ ಇಲ್ಲಿಯವನೊಬ್ಬ ಏಲಕ್ಕಿಗೆಂದು ಏಡನ್ ವ್ಯಾಪಾರಿಗಳ ಮುಂಗಡ ತೆಗೆದುಕೊಂಡು ಮಾಲು ಕೊಡದೆ ಕೂತಿದ್ದಾನೆ. ಬಾಕಿ ಇಟ್ಟವರಿಗೆ ನಾವಿಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಹೆದರಿಸಿ ನೋಡು ಎಂದು ಅವರು ಬೆನ್ ಯಿಜುಗೆ ಬರೆಯುತ್ತಾರೆ. ಸಾಹುಕಾರರ ಮುಂಗಡ, ಮಳೆ, ಫಸಲು, ಬಹಿಷ್ಕಾರ: ಇದನ್ನೆಲ್ಲ ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಮರಳಲ್ಲಿ ಏಲಕ್ಕಿ ಬೆಳೆಯುವುದಿಲ್ಲ, ಘಟ್ಟದ ಕಾಡಿನಿಂದಲೇ ಇಳಿಯಬೇಕು. ಆಗ ನಮ್ಮ ಸೀಮೆಯ ರಾಜಧಾನಿ ಸಾಂತರರ ಹೊಂಬುಜ. ಅಲ್ಲಿ ಚಟ್ಟಲದೇವಿಯ ಪಂಚಕೂಟ ಬಸದಿ 1077ರಲ್ಲೇ ಎದ್ದು ನಿಂತಿತ್ತು. ಕೆಳಗೆ ಕರಾವಳಿಯಲ್ಲಿ ಆಳುಪರು. ನಡುವೆ ಘಟ್ಟದ ದಾರಿ, ಹೇರೆತ್ತಿನ ಗಂಟೆ. ಕಾರ್ದಾರನಿಗೆ ಕೈಕೊಟ್ಟವನು ನಮ್ಮ ಕಡೆಯ ಬೆಳೆಗಾರನೇ ಇರಬೇಕು ಅಂತ ನನ್ನ ಅನುಮಾನ.

ಇನ್ನೊಂದು ವಿವಾದ ಹೆಸರಿನದು. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡುತ್ತಿದ್ದ ಆಳೊಬ್ಬನಿದ್ದ. ಅಲ್ಲಿ ಕುಡಿದು ಗಲಾಟೆ ಮಾಡಿ, ಇನ್ನಷ್ಟು ದುಡ್ಡು ಕೊಡಿ ಎಂದು ಪೀಡಿಸಿದ ದೂರೂ ಪತ್ರದಲ್ಲಿದೆ. ಅವನ ಹೆಸರು ಬ, ಮ, ಹ ಎಂಬ ಮೂರು ಅಕ್ಷರದಲ್ಲಿದೆ, ಸ್ವರ ಇಲ್ಲ. ಪತ್ರಗಳನ್ನು ಓದಿದ ವಿದ್ವಾಂಸ ಗಾಯ್ಟೈನ್ ‘ಬಾಮ’ ಎಂದರು. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ತುಳು ವಿದ್ವಾಂಸ ವಿವೇಕ ರೈ ಅವರನ್ನು ಕಂಡ ಮೇಲೆ ಅದು ‘ಬೊಮ್ಮ’ ಆಯಿತು. ಇದನ್ನೆಲ್ಲ ಹೇಳುವ ಘೋಷರ ಪುಸ್ತಕ ಬಂದದ್ದು 1992ರಲ್ಲಿ. ನನ್ನ ತೀರ್ಪು ಬೊಮ್ಮನ ಕಡೆಗೇ. ರೈಸ್ ಸಾಹೇಬರು 1904ರಲ್ಲಿ ಅಚ್ಚು ಹಾಕಿಸಿದ ಶಾಸನ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳು ಒಟ್ಟಿಗಿವೆ. ಬೊಮ್ಮಗೌಡ, ಬೊಮ್ಮರಸ ಎಂಬ ಹೆಸರು ನಮ್ಮ ಕಡೆಯ ಕಲ್ಲುಗಳಿಗೆ ಹೊಸದಲ್ಲ. ದೊಡ್ಡ ವಿದ್ವಾಂಸರು ಇಷ್ಟು ವರ್ಷ ತಿಣುಕಿದರು, ಒಂದು ಸಲ ಕನ್ನಡದವರನ್ನೋ ತುಳುವರನ್ನೋ ಕೇಳಿದ್ದರೆ ಆಗುತ್ತಿತ್ತು.

ಆಮೇಲಿನ ಕಥೆ ನಮ್ಮವರಿಗೆ ಗೊತ್ತಿರುವಂಥದ್ದು. ಕೆಳದಿ ಅರಸರ ಮೆಣಸಿಗೆ ಪೋರ್ಚುಗೀಸರು ಕಾದು ಕೂತಿದ್ದರು. ಅವರ ರಾಯಭಾರಿಯ ಜೊತೆ ಇಟಲಿಯ ಪಿಯೆತ್ರೊ ಡೆಲ್ಲಾ ವಲ್ಲೆ 1623ರಲ್ಲಿ ಕೆಳದಿ ಅರಸರ ರಾಜಧಾನಿ ಇಕ್ಕೇರಿಗೆ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ. ಇಲ್ಲೂ ಬರೆದಿಟ್ಟದ್ದು ಹೊರಗಿನವನೇ. ನಮ್ಮವರು ಬರೆಯಲಿಲ್ಲ ಎಂದಲ್ಲ. ತಾಳೆಗರಿ ಹೊಳೆಗೆ ಹೋಯಿತು, ಕಾಗದ ಒಲೆಗೆ ಹೋಯಿತು. ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಉಳಿದ ಕಡತ, ಗರಿಗಳನ್ನು ಕಾಣಬಹುದು.

ಅರ್ಧ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಪಾಟಿನಲ್ಲಿ ಇಟ್ಟಿದ್ದೇನೆ. ಆ ಎರಡು ಹೇರು ಮೆಣಸು ಯಾರದು, ಎಲ್ಲಿಗೆ ಇಳಿಯಿತು ಎಂಬುದಕ್ಕೆ ಇನ್ನೊಂದು ಮನೆಯ ಅಟ್ಟದಲ್ಲಿ ಉತ್ತರ ಇದ್ದೀತು. ಅರಳಸುರಳಿ ಸುತ್ತಮುತ್ತಲಿನವರಲ್ಲಿ ಒಂದು ವಿನಂತಿ: ಹಳೆ ಲೆಕ್ಕ, ಪತ್ರ, ಕಡತ ಏನಿದ್ದರೂ ಒಲೆಗೆ ಹಾಕುವ ಮುಂಚೆ ಒಂದು ಮಾತು ಹೇಳಿ ಕಳಿಸಿ. ಬೇಕಿದ್ದರೆ ಒಲೆ ಹೊತ್ತಿಸುವುದಕ್ಕೆ ಒಣ ಸೋಗೆ ನಾನೇ ತಂದುಕೊಡುತ್ತೇನೆ.