ಹೃದಯರೇಖೆಯ ಹಕ್ಕು

ಕರಾವಳಿಯ ಮಂಕಿ ಎಂಬ ಊರಿನಲ್ಲಿ ನಡುರಾತ್ರಿ ಎದೆನೋವು ಬಂದವರಿಗೆ ಉತ್ತರಕ್ಕೆ ಹೊನ್ನಾವರ, ದಕ್ಷಿಣಕ್ಕೆ ಭಟ್ಕಳ. ಹೃದ್ರೋಗದ ಉನ್ನತ ಚಿಕಿತ್ಸೆಯೇ ಬೇಕಾದರೆ ನೂರು ಕಿಲೋಮೀಟರಿಗೆ ಮೀರಿದ ಮಣಿಪಾಲದ ಹಾದಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಅಸುನೀಗಿದ್ದು ಇದೇ ಹೆದ್ದಾರಿಯಲ್ಲಿ. ಹೊರಡುವ ಮೊದಲೇ ನೋವಿನ ಮೂಲವನ್ನು ಬಹುಮಟ್ಟಿಗೆ ಸೂಚಿಸಬಲ್ಲ ಇ.ಸಿ.ಜಿ.ಯ ಚರಿತ್ರೆಯನ್ನು ಇಂಥ ಊರಿನಿಂದ ನೋಡುವಾಗ, ಆ ಯಂತ್ರ ಯಾರ ಸ್ವತ್ತು ಎಂಬ ಪ್ರಶ್ನೆಯೇ ಮುನ್ನೆಲೆಗೆ ಬರುತ್ತದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವೆನ್ ನಿರ್ಮಿಸಿದ ಯಂತ್ರವು ಸುಮಾರು 270 ಕಿಲೋಗ್ರಾಂ ತೂಗುತ್ತಿದ್ದು, ಅದನ್ನು ನಡೆಸಲು ಐವರು ಬೇಕಾಗಿ, ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತುಕೊಳ್ಳಬೇಕಾಗಿತ್ತು. ಆಸ್ಪತ್ರೆಗೆ ಆ ಭಾರವನ್ನು ಸಾಗಿಸುವುದು ಅಸಾಧ್ಯವಾದುದರಿಂದ ಆತನು 1905ರಲ್ಲಿ ಒಂದೂವರೆ ಕಿಲೋಮೀಟರ್ ಆಚೆಯ ರೋಗಿಯ ಹೃದಯಸ್ಪಂದನವನ್ನೇ ದೂರವಾಣಿಯ ತಂತಿಯ ಮೂಲಕ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ಹಿರಿದಾದ ಶೋಧ ಅದು. ಯಂತ್ರವನ್ನು ತಯಾರಿಸಿ ಮಾರುತ್ತಿದ್ದ ಮ್ಯೂನಿಕ್ಕಿನ ಎಡೆಲ್‌ಮನ್, ಇದರ ತತ್ತ್ವ ಫ್ರಾನ್ಸಿನ ಆಡೇರ್ ಎಂಬವನದೆಂದು ವಾದಿಸಿ ಐಂಥೋವೆನ್‌ಗೆ ಕೊಡಬೇಕಾದ ರಾಯಧನವನ್ನು ನಿಲ್ಲಿಸಿದನು. ಐಂಥೋವೆನ್ ಕೇಂಬ್ರಿಡ್ಜಿನ ಉಪಕರಣ ಸಂಸ್ಥೆಯತ್ತ ತಿರುಗಿದನು. ನೊಬೆಲ್ ಪಾರಿತೋಷಕ ಬಂದದ್ದು 1924ರಲ್ಲಿ.

ಮುಂದೆ ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್, ಮೊದಲು 38 ಕಿಲೋಗ್ರಾಮಿನ ಹೊರೆಯಾಗಿ ಬೆನ್ನಿಗೇರಿದ್ದ ಉಪಕರಣವನ್ನು ಕ್ರಮೇಣ ಕುಗ್ಗಿಸಿ, ದಿನವಿಡೀ ಹೃದಯವನ್ನು ಗಮನಿಸುವ ಬಗೆಯನ್ನು ಕಂಡುಹಿಡಿದು 1965ರಲ್ಲಿ ಪೇಟೆಂಟ್ ಪಡೆದನು. ಡೆಲ್ ಮಾರ್ ಏವಿಯಾನಿಕ್ಸ್ ಎಂಬ ಕಂಪನಿ ಅದರ ಹಕ್ಕನ್ನು ಕೊಂಡಿತು. ಸುಮಾರು 2008ರಲ್ಲಿ ಬೆಂಗಳೂರಿನ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರದಲ್ಲಿ ಜಿ.ಇ. ಸಂಸ್ಥೆಯ ಎಂಜಿನಿಯರರು, ಟಿಕೆಟ್ ಯಂತ್ರದ ಪುಟ್ಟ ಮುದ್ರಕವನ್ನು ಅಳವಡಿಸಿ, ಬ್ಯಾಟರಿಯಿಂದ ನಡೆಯುವ, ಚೀಲದಲ್ಲಿ ಒಯ್ಯಬಹುದಾದ ಮ್ಯಾಕ್ 400 ಎಂಬ ಇ.ಸಿ.ಜಿ.ಯನ್ನು ರೂಪಿಸಿದರು.

ಶೋಧದ ಮರ್ಮವನ್ನು ಲೋಕಕ್ಕೆ ಬಹಿರಂಗಪಡಿಸಿದವನಿಗೆ ಇಪ್ಪತ್ತು ವರ್ಷಗಳ ಏಕಸ್ವಾಮ್ಯವನ್ನು ಕೊಡುವ ನಮ್ಮ ಕಾಯಿದೆ, ರೋಗವನ್ನು ನಿದಾನಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುವುದಿಲ್ಲ. ಉಪಕರಣಕ್ಕೆ ಒಡೆಯನಿರಬಹುದು, ರೇಖೆಯನ್ನು ಓದುವ ವೈದ್ಯನ ವಿದ್ಯೆಗೆ ಒಡೆಯನಿಲ್ಲ. ಈ ವಿವೇಕವು ಫಲಿಸಿದ್ದನ್ನು ನಮ್ಮ ಕರಾವಳಿಯಲ್ಲೇ ಕಾಣಬಹುದು: 2018ರಿಂದ ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಗಳ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿಂದ ವಾಟ್ಸ್ಆ್ಯಪ್ ಮೂಲಕ ಬಂದ ರೇಖೆಗಳನ್ನು ತಜ್ಞರು ಓದಿ ಸಲಹೆ ನೀಡುವ ಏರ್ಪಾಡನ್ನು ಮಾಡಿದರು. ಮುಂದೆ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯು ಇದೇ ಬಗೆಯ ಏರ್ಪಾಡನ್ನು ಸರ್ಕಾರಿ ತಾಲೂಕು ಆಸ್ಪತ್ರೆಗಳಿಗೂ ತಂದು, ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿಸಿತು.

ಮಂಕಿಯ ಬಂಧುಗಳೇ, ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿರಿ; ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ. ಮಾಡಿಸಿರಿ.